ಡಾಕ್ಟರಿಗೆ ಹೇಳದ ಮಿಂಚು

ನನ್ನ ವಾರಗಿತ್ತಿಯ ವಿಷಯ ಹೇಳ್ತೀನಿ ಅಂದ ಕೂಡಲೇ ಮುಖ ಸಿಂಡರಿಸಬೇಡಿ. ವಾರಗಿತ್ತಿಯರು ಅಂದ್ರೆ ಜುಟ್ಟು ಹಿಡಿದು ಕಿತ್ತಾಡೋರು ಅಂತ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ನಾವೂ ಕಿತ್ತಾಡಿದ್ದೀವಿ, ಇಲ್ಲ ಅನ್ನಲ್ಲ. ಇಬ್ಬರಿಗೂ ಸೇರಿ ಒಂದೇ ಅಡುಗೆಮನೆ, ಒಂದೇ ಬಚ್ಚಲು, ಮೇಲೆ ಒಬ್ಬಳೇ ಅತ್ತೆ. ಕಿತ್ತಾಡದೆ ಮುದ್ದಾಡ್ತೀವಾ? ಆದ್ರೆ ಅವಳಿಗೆ ಆದದ್ದನ್ನ ನೆನೆಸಿಕೊಂಡ್ರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತೆ. ಅದಕ್ಕೇ ಹೇಳ್ತಿದ್ದೀನಿ.

ಅವಳು ನನ್ನ ಭಾವನ ಹೆಂಡತಿ, ನಾನು ಅಕ್ಕ ಅಂತೀನಿ. ಬಟ್ಟೆಗೆ ಬಣ್ಣ ಹಾಕೋ ಫ್ಯಾಕ್ಟರಿಯಲ್ಲಿ ಕೆಲಸ. ಅಲ್ಲಿ ಎಲ್ಲರೂ ಅವಳನ್ನ ಕರೀತಿದ್ದದ್ದು ಕಣ್ಣಕ್ಕ ಅಂತ. ಗಿರಾಕಿ ಕಂಪನಿಯವರು ಅಂಗೈಯಗಲದ ಒಂದು ತುಂಡು ಕಳಿಸಿ, ಇದೇ ಬಣ್ಣ ಬೇಕು ಅಂತಾರೆ. ಒಳಗೆ ದೊಡ್ಡ ದೊಡ್ಡ ಡ್ರಮ್ಮಿನಲ್ಲಿ ಬಟ್ಟೆ ಬೆಂದು ಬರುತ್ತೆ. ಬಂದದ್ದರಲ್ಲಿ ಒಂದು ತುಂಡು ಕತ್ತರಿಸಿ, ಗಿರಾಕಿಯ ತುಂಡಿನ ಪಕ್ಕ ಅಂಚಿಗೆ ಅಂಚು ಕೂಡಿಸಿ, ದೀಪದ ಪೆಟ್ಟಿಗೆಯ ಕೆಳಗಿಟ್ಟು ನೋಡಬೇಕು. ನೋಡೋದು ಎರಡರ ನಡುವಿನ ಆ ಅಂಚನ್ನ. ಅಂಚು ಎದ್ದು ಕಂಡ್ರೆ ಬಣ್ಣ ತಪ್ಪಿದೆ, ಇಡೀ ಲಾಟು ವಾಪಸ್ ಡ್ರಮ್ಮಿಗೆ. ಅಂಚು ಕರಗಿ ಎರಡೂ ಒಂದೇ ಆಗಿಬಿಟ್ರೆ ಪಾಸ್. ಅಳೆಯೋ ಮಷೀನೂ ಇತ್ತು, ಆದ್ರೆ ಕೊನೇ ಮಾತು ಕಣ್ಣಕ್ಕಂದೇ.

ಒಂದು ಸಲ ನಾನು ಆ ಕೋಣೆ ನೋಡೋಕೆ ಹೋಗಿದ್ದೆ. ಗೋಡೆ ಬೂದಿ ಬಣ್ಣ, ಮೇಜು ಬೂದಿ, ಅವಳು ತೊಟ್ಟ ಕೋಟೂ ಬೂದಿ. ಬೇರೆ ಬಣ್ಣ ಇದ್ರೆ ಅದರ ನೆರಳು ಬಟ್ಟೆ ಮೇಲೆ ಬೀಳುತ್ತಂತೆ. ಕಿಟಕಿ ಇಲ್ಲ. ತುಂಡುಗಳು ಹಾರ್ತಾವೆ ಅಂತ ಫ್ಯಾನೂ ಇಲ್ಲ. ಜೈಲಿನವರೂ ಇದಕ್ಕಿಂತ ಚೆನ್ನಾಗಿರೋ ಕೋಣೆ ಕೊಡ್ತಾರೆ ಅಂದೆ. ಅವಳು ನಕ್ಕು, ‘ಇಲ್ಲಿ ನಾನೇ ಜೈಲರ್ ಕಣೇ’ ಅಂದ್ಲು. ನಾನು ಬ್ಯೂಟಿ ಪಾರ್ಲರಿನಲ್ಲಿ ಹುಬ್ಬು ತಿದ್ದೋಳು, ಯಾರೂ ನನ್ನ ಮಾತಿಗೆ ಕಾಯಲ್ಲ. ಇವಳು ‘ಹೂಂ’ ಅನ್ನೋವರೆಗೂ ಲಾರಿಗಳು ಗೇಟಿನಲ್ಲಿ ನಿಂತಿರ್ತಿದ್ವು. ಮನೆಯಲ್ಲಿ ಅವಳ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಆ ಬೂದಿ ಕೋಣೆಯಲ್ಲಿ ಮಾತ್ರ ಇತ್ತು. ಅದನ್ನ ಕಳ್ಕೊಳ್ಳೋದು ಅಂದ್ರೆ ಅವಳಿಗೆ ಪ್ರಾಣ ಹೋದ ಹಾಗೆ.

ಕಳ್ಕೊಂಡೋರನ್ನ ಅವಳು ಕಣ್ಣಾರೆ ನೋಡಿದ್ಲು. ಅವಳಿಗಿಂತ ಮುಂಚೆ ಆ ಪೆಟ್ಟಿಗೆ ಮುಂದೆ ಕೂರ್ತಿದ್ದ ಮೇಷ್ಟ್ರು, ಇವಳಿಗೆ ಕೆಲಸ ಕಲಿಸಿದೋರು, ಒಂದು ದಿನ ಊಟದ ಹೊತ್ತಲ್ಲಿ ‘ಯಾಕೋ ದೀಪದ ಸುತ್ತ ಉಂಗುರ ಕಾಣ್ತಿದೆ’ ಅಂದುಬಿಟ್ರಂತೆ. ಸಂಜೆ ಹೊತ್ತಿಗೆ ಮಾತು ಮೇಲಿನವರ ಕಿವಿಗೆ ಬಿತ್ತು. ಮರುದಿನ ಅವರನ್ನ ಪ್ಯಾಕಿಂಗಿಗೆ ಹಾಕಿದ್ರು. ಆ ಮನುಷ್ಯ ಅಲ್ಲಿ ರಟ್ಟಿನ ಡಬ್ಬಕ್ಕೆ ಟೇಪ್ ಅಂಟಿಸ್ತಾ ಅಂಟಿಸ್ತಾನೇ ರಿಟೈರ್ ಆದ್ರು. ಬಣ್ಣ ನೋಡೋರು ಕಣ್ಣಿನ ಬಗ್ಗೆ ತುಟಿ ಪಿಟಿಕ್ ಅನ್ನಬಾರದು ಅನ್ನೋದು ಅಕ್ಕ ಅಲ್ಲಿ ಕಲಿತ ಪಾಠ.

ನಲವತ್ತೇಳು ತುಂಬೋ ಹೊತ್ತಿಗೆ ಅವಳ ಮೈ ಹುಚ್ಚು ಹಿಡಿದ ಹಾಗೆ ಆಡೋಕೆ ಶುರು ಮಾಡ್ತು. ಮುಟ್ಟು ಒಂದು ತಿಂಗಳು ಎರಡು ಸಲ ಬರೋದು, ಆಮೇಲೆ ಎರಡು ತಿಂಗಳು ಪತ್ತೆ ಇಲ್ಲ. ಬಂದ್ರೆ ನಲ್ಲಿ ಬಿಟ್ಟ ಹಾಗೆ. ಹೊಟ್ಟೆ ನೋವಿಗೆ ಅವಳು ಬಚ್ಚಲಿನ ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲೋದನ್ನ ನಾನೇ ನೋಡಿದ್ದೀನಿ. ಬಿಸಿನೀರಿನ ಬಾಟ್ಲಿ ಸೊಂಟಕ್ಕೆ ಕಟ್ಕೊಂಡು, ಮೇಲೆ ಆ ಬೂದಿ ಕೋಟು ಹಾಕ್ಕೊಂಡು ಕೆಲಸ ಮಾಡೋಳು. ಇದ್ದಕ್ಕಿದ್ದ ಹಾಗೆ ಎದೆಯಿಂದ ಕೆಂಡ ಎದ್ದ ಹಾಗೆ ಸೆಕೆ. ಫ್ಯಾನಿಲ್ಲದ ಕೋಣೆ ಬೇರೆ. ಬೆವರು ಗಿರಾಕಿಯ ತುಂಡಿನ ಮೇಲೆ ಬೀಳಬಾರದು ಅಂತ ಕತ್ತಿಗೆ ಟವೆಲ್ ಸುತ್ಕೊಂಡು ಕೂರೋಳು.

ಇಷ್ಟು ಸಾಲದು ಅಂತ ತಲೆನೋವು. ಚಿಕ್ಕಂದಿನಿಂದ ಅರೆತಲೆನೋವು ಇದ್ದದ್ದೇ, ವರ್ಷಕ್ಕೆ ಒಂದೆರಡು ಸಲ. ಈಗ ಮುಟ್ಟಿನ ಹಿಂದೆ ಮುಂದೆ ಅದೂ ಖಾಯಂ ಆಯ್ತು. ನೋವಿಗೆ ಮುಂಚೆ ಅವಳಿಗೆ ಮಿಂಚು ಕಾಣೋದು. ಮೊದಲು ಒಂದು ಚುಕ್ಕೆ ಪಿಳಿಪಿಳಿ ಅನ್ನುತ್ತಂತೆ. ಅದು ಗರಗಸದ ಹಲ್ಲಿನ ಹಾಗೆ ಅಂಕುಡೊಂಕಾಗಿ ಹರಡುತ್ತಂತೆ, ಅದರ ಒಳಗೆ ಸಿಕ್ಕಿದ್ದೆಲ್ಲ ಮಾಯ. ಎದುರಿಗೆ ಇರೋರ ಅರ್ಧ ಮುಖ ಇರಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಗಿ, ಆಮೇಲೆ ನೋವು ಶುರು. ಫ್ಯಾಕ್ಟರಿಯಲ್ಲಿ ಮಿಂಚು ಬಂದ್ರೆ ಅವಳು ಸೀದಾ ಹೋಗಿ ಟಾಯ್ಲೆಟ್ ಬಾಗಿಲು ಹಾಕ್ಕೊಂಡು, ಅದು ಹೋಗೋವರೆಗೂ ಅಲ್ಲೇ ಕೂರೋಳು. ‘ಹೊಟ್ಟೆ ಕೆಟ್ಟಿದೆ’ ಅನ್ನೋಳು. ಕಣ್ಣು ಅನ್ನೋದಕ್ಕಿಂತ ಹೊಟ್ಟೆ ಅನ್ನೋದು ಮೇಲು ನೋಡಿ.

ಮನೆಯಲ್ಲಿ ಇದೆಲ್ಲ ತಮಾಷೆ. ನನ್ನ ಭಾವ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸ್ತಾನೆ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಕಲಿಯೋರ ಕಾಲೆಳೆಯೋದೇ ಅವನ ಸಂಬಳ. ಸಂಜೆ ಬಂದ್ರೆ ಹೆಂಡತಿ ಸಿಗ್ತಾಳಲ್ಲ. ‘ನಮ್ಮನೆಯವಳಿಗೆ ನಕ್ಷತ್ರ ಕಾಣ್ತಾವಂತೆ! ನನಗೆ ಮದುವೆ ಆದ ದಿನದಿಂದ ಹಗಲಲ್ಲೇ ಕಾಣ್ತಿವೆ, ನಾನು ಯಾವ ಡಾಕ್ಟರಿಗೆ ಹೇಳ್ಲಿ?’ ಅಂತ ಬಂದೋರ ಮುಂದೆಲ್ಲ ಹೇಳಿ ನಗೋನು. ಬಂದೋರೂ ಕಿಸಿಯೋರು. ಅವಳು ಬೆವರು ಒರೆಸ್ಕೊಂಡ್ರೆ, ‘ರೇಡಿಯೇಟರ್ ಕಾಯ್ತು, ನೀರು ಹಾಕ್ರೋ’ ಅನ್ನೋನು.

ಅತ್ತೆ ಇನ್ನೊಂದು ಕಡೆ. ‘ನಮಗೂ ಮುಟ್ಟು ನಿಂತಿದೆಯಮ್ಮ. ಒಂದು ದಿನ ಇತ್ತು, ಮಾರನೇ ದಿನ ಇಲ್ಲ. ಡಂಗುರ ಹೊಡೀಲಿಲ್ಲ.’

‘ಹೌದಾ ಅತ್ತೆ? ಆಗ ನೀವು ಮಾವನ ಮೇಲೆ ಎಸೆದ ತಟ್ಟೆಯ ಗುರುತು ಗೋಡೆ ಮೇಲೆ ಇನ್ನೂ ಇದೆ’ ಅಂದೆ ನಾನು. ಅವತ್ತಿಂದ ಒಂದು ವಾರ ಅವರು ನನ್ನ ಜೊತೆ ಮಾತು ಬಿಟ್ರು. ಆ ವಾರ ಸುಖವಾಗಿತ್ತು.

ಅವಳನ್ನ ಡಾಕ್ಟರ ಹತ್ತಿರ ಹೊರಡಿಸಿದ್ದು ನಾನೇ. ಒಂದು ಬೆಳಗ್ಗೆ ಬಸ್‌ಸ್ಟಾಪಿನಲ್ಲಿ ಅವಳ ಬಟ್ಟೆ ಹಿಂದೆಲ್ಲ ಒದ್ದೆಯಾಗಿ, ನಿಂತಲ್ಲೇ ಬಿಳಿಚಿಕೊಂಡ್ಲಂತೆ. ಯಾರೋ ಆಟೋ ಹತ್ತಿಸಿ ಮನೆಗೆ ಕಳಿಸಿದ್ರು. ‘ಸಾಕು ನಿನ್ನ ಧೈರ್ಯ, ಹೋಗಿ ತೋರಿಸ್ಕೊಂಡು ಬಾ’ ಅಂತ ಬೈದೆ. ನನ್ನ ಜೊತೆ ಬರೋದು ಬೇಡ ಅಂದ್ಲು, ಭಾವನ್ನ ಕರ್ಕೊಂಡು ಹೋದ್ಲು. ಒಳಗೆ ಏನಾಯ್ತು ಅನ್ನೋದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಆ ಹೆಂಗಸರ ಡಾಕ್ಟರು ಒಳ್ಳೆಯವರೇ. ಅವಸರ ಇಲ್ಲ, ಗದರಲ್ಲ. ಸ್ಕ್ಯಾನ್ ಮಾಡಿಸಿದ್ರು, ಒಳಗೆ ಏನೂ ಬೆಳೆದಿಲ್ಲ ಅಂದ್ರು. ಬಿಪಿ ನೋಡಿದ್ರು, ಅದೂ ಸರಿ. ಮುಟ್ಟು ನಿಲ್ಲೋಕೆ ಮುಂಚಿನ ಕೆಲವು ವರ್ಷ ಹಾರ್ಮೋನು ಏರಿಳಿತ ಆಡುತ್ತೆ, ನೋವು, ರಕ್ತ, ಸೆಕೆ, ತಲೆನೋವು ಎಲ್ಲ ಅದರದ್ದೇ ಆಟ, ಅದಕ್ಕೆ ಚಿಕಿತ್ಸೆ ಇದೆ ಅಂದ್ರು. ಎಲ್ಲ ಕೇಳಿದ ಮೇಲೆ ಪೆನ್ನು ಕೆಳಗಿಟ್ಟು ಇದನ್ನೂ ಕೇಳಿದ್ರಂತೆ: ‘ತಲೆನೋವಿಗೆ ಮುಂಚೆ ಕಣ್ಣ ಮುಂದೆ ಮಿಂಚೋದು, ಡೊಂಕು ಗೆರೆ, ಅರ್ಧ ಕಾಣದೆ ಹೋಗೋದು, ಇಂಥದ್ದು ಏನಾದ್ರೂ ಆಗುತ್ತಾ?’

ಅಕ್ಕ ಹೆದರಿದ್ದು ಯಾಕೆ ಅಂದ್ರೆ, ಅದೇ ಡಾಕ್ಟರು ವಾರಕ್ಕೊಂದು ದಿನ ಫ್ಯಾಕ್ಟರಿಯ ದವಾಖಾನೆಗೂ ಬರೋರು. ಆ ದವಾಖಾನೆ ಎಂಥದ್ದು ಗೊತ್ತಾ? ಅಲ್ಲಿನ ಕಾಂಪೌಂಡರ್ ಮಹಾಶಯ ಬಾಗಿಲಲ್ಲಿ ನಿಂತು, ‘ಯಾರ್ರೀ ಅದು ಮೂಲವ್ಯಾಧಿ? ಬನ್ನಿ ಒಳಗೆ!’ ಅಂತ ಇಡೀ ಫ್ಲೋರಿಗೆ ಕೇಳೋ ಹಾಗೆ ಕೂಗೋನು. ಅಂಥ ಜಾಗಕ್ಕೆ ಕಾಲಿಡೋ ಡಾಕ್ಟರಿಗೆ, ಬಣ್ಣ ನೋಡೋಳು ‘ನನಗೆ ಅರ್ಧ ಕಾಣಲ್ಲ’ ಅನ್ನೋದಾ?

‘ಇಲ್ಲ ಡಾಕ್ಟ್ರೇ. ಕಣ್ಣು ಮಾತ್ರ ಫಸ್ಟ್ ಕ್ಲಾಸ್’ ಅಂದ್ಲು.

ಪಕ್ಕದಲ್ಲೇ ನನ್ನ ಭಾವ ಕೂತಿದ್ದ. ಊರವರಿಗೆಲ್ಲ ಆ ನಕ್ಷತ್ರದ ಕಥೆ ಹೇಳಿ ಹಲ್ಲು ಕಿಸಿದೋನು, ಅಲ್ಲಿ ಮಾತ್ರ ಬಾಯಿಗೆ ಬೀಗ ಹಾಕ್ಕೊಂಡು ಕೂತ. ಅವಳ ಕೆಲಸ ಹೋದ್ರೆ ಮನೆ ಹೇಗೆ ನಡೆಯುತ್ತೆ ಅನ್ನೋದು ಅವನಿಗೂ ಗೊತ್ತಿತ್ತು. ಡಾಕ್ಟರು ಎರಡು ಥರ ಹಾರ್ಮೋನು ಮಾತ್ರೆ ಬರೆದ್ರು.

ಮಾತ್ರೆ ಕೆಲಸ ಮಾಡ್ತು. ಸುಳ್ಳು ಹೇಳಲ್ಲ, ಅಂಥ ದಿನಗಳನ್ನ ಅವಳು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಸೆಕೆ ಹೋಯ್ತು. ಹೊಟ್ಟೆ ನೋವು ತಡೆಯೋ ಹಾಗಾಯ್ತು. ಮಲಗಿದ್ರೆ ಬೆಳಗಾಗೋವರೆಗೂ ನಿದ್ದೆ. ನನ್ನ ಪಾರ್ಲರಿಗೆ ಬಂದು ಕೂದಲಿಗೆ ಬಣ್ಣ ಹಾಕಿಸ್ಕೊಂಡ್ಲು. ಯಾವ ಬಣ್ಣ ಅಂತ ನಾನು ಕೇಳೋದೇ ತಡ, ನನ್ನ ಡಬ್ಬಿಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, ‘ಇದೆಲ್ಲ ಬಣ್ಣಾನಾ? ಕೆಸರು’ ಅಂತ ನನ್ನ ಮಾನ ತೆಗೆದ್ಲು. ಇಬ್ಬರೂ ಬಿದ್ದು ಬಿದ್ದು ನಕ್ಕಿದ್ವಿ.

ಒಂದು ವಿಷಯ ಮಾತ್ರ ಅವಳು ನನ್ನ ಹತ್ತಿರಾನೂ ಬಾಯಿ ಬಿಡಲಿಲ್ಲ. ತಲೆನೋವು ಕಮ್ಮಿ ಆಗಿತ್ತು, ಮಿಂಚು ಜಾಸ್ತಿ ಆಗಿತ್ತು. ನೋವೇ ಇಲ್ಲದೆ ಬರೀ ಮಿಂಚು ಬಂದು ಹೋಗೋದು. ಗಂಡನಿಗೆ ಹೇಳಿದ್ಲಂತೆ. ‘ನೋವಿಲ್ಲ ತಾನೇ? ಪುಕ್ಕಟೆ ಪಟಾಕಿ, ನೋಡ್ಕೊಂಡು ಸುಮ್ನಿರು’ ಅಂದನಂತೆ ಆ ಪುಣ್ಯಾತ್ಮ.

ಆಮೇಲೆ ಆ ಬೆಳಗ್ಗೆ. ನಾನು ಬೇಗ ಪಾರ್ಲರಿಗೆ ಹೋಗಿದ್ದೆ, ಯಾರದೋ ಮದುವೆ ಹೆಣ್ಣಿನ ಮೇಕಪ್ಪಿತ್ತು. ಅಕ್ಕ ಭಾವನ ಲೋಟಕ್ಕೆ ಚಹಾ ಬಗ್ಗಿಸಿದ್ಲಂತೆ. ಚಹಾ ಎಲ್ಲ ಮೇಜಿನ ಮೇಲೆ ಬಿತ್ತು, ಲೋಟ ಪಕ್ಕದಲ್ಲೇ ಇತ್ತು. ‘ನಿಮ್ಮ ಲೋಟ ಎಲ್ಲಿ?’ ಅಂತ ಕೇಳಿದ್ಲು. ‘ಬಂತಪ್ಪ ನಕ್ಷತ್ರ!’ ಅಂತ ಭಾವ ನಕ್ಕ. ಅತ್ತೆ ಮೇಜು ಒರೆಸೋಕೆ ಬಟ್ಟೆ ತಂದು ಅವಳ ಕೈಗೇ ಕೊಟ್ರು. ಅವಳು ಒರೆಸಿದ್ದು ಎಡಗಡೆ ಅರ್ಧ ಮಾತ್ರ. ‘ಕಾಟಾಚಾರಕ್ಕೆ ಮಾಡ್ತಾಳೆ’ ಅಂತ ಗೊಣಗಿ ಮಿಕ್ಕದ್ದನ್ನ ಅತ್ತೆಯೇ ಒರೆಸಿಕೊಂಡ್ರು.

ಯಾವಾಗಲೂ ಸ್ವಲ್ಪ ಹೊತ್ತಿಗೆ ಹೋಗೋದಲ್ವಾ, ಇದೂ ಹೋಗುತ್ತೆ ಅಂದ್ಕೊಂಡು ಅಕ್ಕ ಪರದೆ ಎಳೆದು ಮಲಗಿದ್ಲು. ಭಾವ ಕೆಲಸಕ್ಕೆ ಹೋದ. ಅತ್ತೆ ಟೀವಿ ಹಾಕ್ಕೊಂಡ್ರು. ನಾನು ಮಧ್ಯಾಹ್ನ ಬಂದು ಬಾಗಿಲು ತೆಗೆದ್ರೆ, ಮಂಚದ ಮೇಲೆ ಕೂತು ಕೈ ಮುಂದೆ ಹಿಡಿದು ಬೆರಳು ನೋಡ್ತಿದ್ದಾಳೆ.

‘ಇದು ಮಿಂಚಲ್ಲ ಕಣೇ. ಮಿಂಚಾದ್ರೆ ಹೊಳೆಯುತ್ತೆ. ಇಲ್ಲಿ ಏನೂ ಇಲ್ಲ. ಕತ್ತಲೆಯೂ ಇಲ್ಲ. ಬಲಗಡೆ ಅನ್ನೋದೇ ಇಲ್ಲ.’ ನಾಲಿಗೆ ಸ್ವಲ್ಪ ತಡವರಿಸ್ತಿತ್ತು.

ನಾನು ಕಿರುಚಿಕೊಂಡೆ. ಅತ್ತೆ ಟೀವಿ ಸೌಂಡು ಕಮ್ಮಿ ಮಾಡಿ, ‘ಏನು ಗಲಾಟೆ?’ ಅಂದ್ರು. ಆಟೋದಲ್ಲಿ ಆಸ್ಪತ್ರೆಗೆ ಹಾಕ್ಕೊಂಡು ಹೋದೆ. ಮೆದುಳಿಗೆ ಹೋಗೋ ಒಂದು ರಕ್ತನಾಳ ಕಟ್ಟಿದೆ, ಸ್ಟ್ರೋಕ್ ಅಂದ್ರು. ಬೆಳಗ್ಗೆಯೇ ತಂದಿದ್ರೆ ಕಟ್ಟಿದ್ದನ್ನ ಕರಗಿಸೋ ಇಂಜೆಕ್ಷನ್ ಕೊಡಬಹುದಿತ್ತಂತೆ. ಹೊತ್ತು ಮೀರಿತ್ತು.

ಮಾರನೇ ದಿನ ಆ ಹೆಂಗಸರ ಡಾಕ್ಟರು ತಾವೇ ಸುದ್ದಿ ಕೇಳಿ ಬಂದ್ರು. ಮಂಚದ ಪಕ್ಕ ನಿಂತು ಮತ್ತೆ ಅದೇ ಪ್ರಶ್ನೆ ಕೇಳಿದ್ರು. ಭಾವ ಬಾಯಿ ಹಾಕಿದ: ‘ಅಯ್ಯೋ, ಮಿಂಚು ಇವಳಿಗೆ ಎಷ್ಟೋ ವರ್ಷದಿಂದ ಇದೆ ಮೇಡಂ. ನಾವು ತಮಾಷೆ ಮಾಡ್ತಿದ್ವಿ.’

ಡಾಕ್ಟರು ಅವನ ಕಡೆ ತಿರುಗಿದ್ರು. ‘ಅವತ್ತು ಕೇಳಿದಾಗ ನೀವೂ ಅಲ್ಲೇ ಕೂತಿದ್ರಿ’ ಅಂದ್ರು. ಆಮೇಲೆ ಅಕ್ಕನ ಕಡೆ ತಿರುಗಿ ಮೆಲ್ಲಗೆ ಹೇಳಿದ್ರು: ‘ಇದು ಆ ಮಾತ್ರೆಯಿಂದಲೇ ಆಯ್ತು ಅಂತ ಎದೆ ಮುಟ್ಟಿ ಹೇಳೋಕಾಗಲ್ಲಮ್ಮ. ಆದ್ರೆ ಮಿಂಚು ಕಾಣೋರಿಗೆ ಸ್ಟ್ರೋಕಿನ ಭಯ ಸ್ವಲ್ಪ ಜಾಸ್ತಿ. ಹಾರ್ಮೋನು ಮಾತ್ರೆ ನುಂಗಿದ್ರೆ ಅದು ಇನ್ನೂ ಏರಬಹುದು, ಅಂಥೋರಿಗೆ ನಾನು ಮಾತ್ರೆ ಕೊಡಲ್ಲ. ಅದೇ ಹಾರ್ಮೋನು ಚರ್ಮಕ್ಕೆ ಅಂಟಿಸೋ ಪಟ್ಟಿಯಲ್ಲೂ ಬರುತ್ತೆ, ಅದನ್ನ ಕೊಡ್ತೀನಿ. ಅದಕ್ಕೇ ಕೇಳಿದ್ದು.’

‘ಕಣ್ಣಿನ ವಿಷಯ ಅಂತ...’ ಅಂದ್ಲು ಅಕ್ಕ.

‘ಅದು ಕಣ್ಣಿನ ವಿಷಯಾನೇ ಅಲ್ಲ. ಮಿಂಚು ಮೆದುಳಲ್ಲಿ ಏಳೋದು. ನಿಮ್ಮ ಕಣ್ಣಿಗೆ ಅವತ್ತೂ ಏನೂ ಆಗಿರಲಿಲ್ಲ, ಇವತ್ತೂ ಆಗಿಲ್ಲ. ನೋಡೋ ಜಾಗಕ್ಕೆ ಏಟು ಬಿದ್ದಿದೆ.’

‘ಫ್ಯಾಕ್ಟರಿಗೆ ಗೊತ್ತಾಗುತ್ತೆ ಅಂತ ಹೆದರಿದೆ ಡಾಕ್ಟ್ರೇ.’

‘ನನಗೆ ಹೇಳಿದ್ದನ್ನ ನಾನು ಫ್ಯಾಕ್ಟರಿಗೆ ಯಾಕೆ ಹೇಳ್ಲಿ?’

ನನಗೆ ಉರಿದುಹೋಯ್ತು. ‘ಅದನ್ನ ಅವತ್ತೇ ಹೇಳಬೇಕಿತ್ತು ಮೇಡಂ! ಮೊದಲು ಹೇಳಬೇಕಿತ್ತು, ಆಮೇಲೆ ಕೇಳಬೇಕಿತ್ತು!’ ಅಂದೆ. ನರ್ಸು ನನ್ನ ತೋಳು ಹಿಡಿದು ಹೊರಗೆ ಕಳಿಸಿದ್ಲು. ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ರು. ‘ಸುಮ್ನೆ ಮನೇಲಿ ಇದ್ದಿದ್ರೆ ಮುಟ್ಟು ತಾನೇ ನಿಲ್ತಿತ್ತು. ಡಾಕ್ಟ್ರು ಡಾಕ್ಟ್ರು ಅಂತ ಕುಣಿದೋಳು ನೀನೇ’ ಅಂದ್ರು. ನಾನು ಬಾಯಿ ತೆಗೆದಿದ್ರೆ ಅವತ್ತು ಇನ್ನೊಂದು ಮಂಚ ಬೇಕಾಗ್ತಿತ್ತು.

ಮನೆಗೆ ಬಂದ ಮೇಲೆ ನಾಲಿಗೆ ಸರಿಹೋಯ್ತು, ನಡಿಗೆ ಸರಿ ಇತ್ತು. ಬಲಗಡೆ ಮಾತ್ರ ವಾಪಸ್ ಬರಲಿಲ್ಲ. ಬಾಗಿಲಿನ ಚೌಕಟ್ಟಿಗೆ ಭುಜ ಹೊಡ್ಕೊಳ್ಳೋಳು. ತಟ್ಟೆಯ ಅರ್ಧ ಊಟ ಹಾಗೇ ಬಿಟ್ಟು ಏಳೋಳು. ‘ಡಯಟ್ಟಾ?’ ಅನ್ನೋನು ಭಾವ. ಮಾತ್ರೆ ನಿಲ್ಲಿಸಿದ್ದರಿಂದ ಸೆಕೆ, ಹೊಟ್ಟೆ ನೋವು, ತಲೆನೋವು ಮೂರೂ ನೆಂಟರ ಹಾಗೆ ಗಂಟುಮೂಟೆ ಸಮೇತ ವಾಪಸ್ ಬಂದು ಕೂತ್ವು. ಪಟ್ಟಿ ಅಂಟಿಸಬಹುದಾ ಅಂತ ಕೇಳಿದ್ರೆ, ಒಂದು ಸಲ ಸ್ಟ್ರೋಕ್ ಆದ ಮೇಲೆ ಈಗ ಯಾವುದೂ ಬೇಡ ಅಂದ್ರು.

ಆದ್ರೂ ಅವಳು ಒಂದೇ ಹಠ ಹಿಡಿದಿದ್ಲು. ‘ಕಣ್ಣಿಗೆ ಏನೂ ಆಗಿಲ್ಲ ಅಂತ ಡಾಕ್ಟರೇ ಹೇಳಿದ್ದಾರಲ್ಲ, ನಾನು ಕೆಲಸಕ್ಕೆ ಹೋಗ್ತೀನಿ. ಬಣ್ಣ ಚೆನ್ನಾಗೇ ಕಾಣುತ್ತೆ’ ಅಂದು, ನಾನು ತೊಟ್ಟ ಕುಪ್ಪಸದ ತೋಳಿನ ದಾರ ಬೇರೆ ಬಣ್ಣದ್ದು ಅಂತ ಕೂತಲ್ಲಿಂದಲೇ ಹಿಡಿದು ತೋರಿಸಿದ್ಲು. ನಿಜ, ಅದು ಬೇರೆಯೇ ಆಗಿತ್ತು. ತಲೆ ತಿರುಗಿಸಿ ನೋಡೋದನ್ನ ಅಭ್ಯಾಸ ಮಾಡ್ಕೊಂಡ್ರೆ ಆಯ್ತು ಅನ್ನೋಳು. ಫ್ಯಾಕ್ಟರಿಯವರು ಬಂದು ಕರೆದ್ರೆ ಮಾರನೇ ಬೆಳಗ್ಗೆಯೇ ಊಟದ ಡಬ್ಬಿ ಕಟ್ಟಿಕೊಡು ಅಂತ ನನಗೆ ಹೇಳಿಟ್ಟಿದ್ಲು. ನನಗೂ ಒಂದು ಚೂರು ಆಸೆ ಹುಟ್ಟಿತ್ತು.

ಒಂದು ಭಾನುವಾರ ಫ್ಯಾಕ್ಟರಿಯ ಇನ್‌ಚಾರ್ಜ್ ಮನೆಗೆ ಬಂದ್ರು. ಹಣ್ಣು ತಂದಿದ್ರು. ನೀವಿಲ್ಲದೆ ಕೋಣೆ ಬಿಕೋ ಅಂತಿದೆ, ಹೊಸ ಹುಡುಗಿ ದಿನಕ್ಕೊಂದು ಲಾಟು ಕೆಡಿಸ್ತಾಳೆ ಅಂದ್ರು. ಅಕ್ಕನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದು ಅವತ್ತು. ‘ಎರಡು ತುಂಡು ತಂದಿದ್ದೀನಿ ಅಕ್ಕ, ಸುಮ್ನೆ ಒಂದು ಸಲ ನೋಡಿ’ ಅಂತ ಅವರು ಜೇಬಿಂದ ತೆಗೆದು, ಕಿಟಕಿ ಪಕ್ಕದ ಮೇಜಿನ ಮೇಲೆ ಅಂಚಿಗೆ ಅಂಚು ಕೂಡಿಸಿ ಇಟ್ರು.

ಅಕ್ಕ ಕೈ ತೊಳೆದು ಬಂದ್ಲು. ಮೇಜಿನ ಮೇಲೆ ಬಾಗಿ, ಎರಡರ ನಡುವಿನ ಅಂಚಿಗೆ ಕಣ್ಣು ನೆಟ್ಟು ನೋಡಿದ್ಲು. ಅಬ್ಬಾ, ಎಂಥ ಗತ್ತು! ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ.

‘ಪಾಸ್’ ಅಂದ್ಲು. ‘ಅಂಚೇ ಕಾಣ್ತಿಲ್ಲ. ಚೆನ್ನಾಗಿ ಬಂದಿದೆ ಈ ಲಾಟು.’

ನಾನು ಮೇಜಿನ ಕಡೆ ನೋಡಿದೆ. ಎಡಗಡೆ ಇದ್ದದ್ದು ನೀಲಿ. ಬಲಗಡೆ ಇದ್ದದ್ದು ಇಟ್ಟಿಗೆ ಬಣ್ಣ. ಅಂಚಿನ ಮೇಲೆ ನೆಟ್ಟ ಅವಳ ಕಣ್ಣಿಗೆ ಆ ಬಲಗಡೆಯೇ ಇರಲಿಲ್ಲ. ಹುಟ್ಟುಕುರುಡನೊಬ್ಬನನ್ನ ಬಿಟ್ಟು ಯಾರಿಗಾದ್ರೂ ಕಾಣೋವಷ್ಟು ಬೇರೆ.

ಇನ್‌ಚಾರ್ಜ್ ಎರಡನ್ನೂ ಮಡಿಚಿ ಜೇಬಿಗೆ ಹಾಕ್ಕೊಂಡ್ರು. ‘ಸರಿ ಅಕ್ಕ, ಮೇಲಿನವರ ಹತ್ತಿರ ಮಾತಾಡ್ತೀನಿ’ ಅಂತ ಚಪ್ಪಲಿ ಮೆಟ್ಟಿದ್ರು. ನನ್ನ ಮುಖ ನೋಡೋಕೂ ಆಗಲಿಲ್ಲ ಅವರಿಗೆ. ಭಾವ ಗೇಟಿನವರೆಗೂ ಅವರ ಬೆನ್ನು ಹತ್ತಿ, ಪ್ಯಾಕಿಂಗಿನಲ್ಲಾದ್ರೂ ಒಂದು ಜಾಗ ಕೊಡಿ ಸಾರ್ ಅಂತ ಗೋಗರೀತಿದ್ದದ್ದು ಒಳಗೂ ಕೇಳಿಸ್ತಿತ್ತು.

ಅಕ್ಕ ಖಾಲಿ ಮೇಜಿನ ಮುಂದೆ ಹಾಗೇ ಕೂತಿದ್ಲು. ಆಮೇಲೆ ತಲೆಯನ್ನ ಪೂರಾ ತಿರುಗಿಸಿ ನನ್ನನ್ನ ಹುಡುಕಿದ್ಲು.

‘ಎರಡೂ ಬೇರೆ ಬೇರೆ ಇದ್ವಾ?’

ಅವಳ ಹತ್ತಿರ ಎಲ್ಲರೂ ತಮಾಷೆ ಮಾಡಿ ಮಾಡಿಯೇ ಇಲ್ಲಿಗೆ ತಂದಿದ್ದಾರೆ. ನನ್ನಿಂದ ಸುಳ್ಳು ಹೇಳೋಕಾಗಲಿಲ್ಲ. ‘ಹೂಂ ಅಕ್ಕ’ ಅಂದೆ.

‘ತುಂಬಾನಾ?’

‘ತುಂಬಾ.’

ಅವಳ ಹಣೆಯಿಂದ ಬೆವರು ಇಳೀತಿತ್ತು, ಸೆಕೆ ಮತ್ತೆ ಏರಿತ್ತು. ಒರೆಸ್ಕೊಳ್ಳಲಿಲ್ಲ. ‘ಬೆಳಗ್ಗೆ ನನಗೆ ಡಬ್ಬಿ ಕಟ್ಟಬೇಡ’ ಅಂದ್ಲು.